ಪದಬಂಧಕ್ಕೆ ಬಾಲ್‌ಪೆನ್ನು

ಈ ವಾರದ ಪತ್ರಿಕೆ ಇನ್ನೂ ನನ್ನ ಕೈಗೆ ಬಂದಿಲ್ಲ. ದುಡ್ಡು ಕೊಡುವವಳು ನಾನು. ಪೇಪರ್ ಹುಡುಗ ಹಾಕಿದ್ದೂ ನಮ್ಮ ಗೇಟಿನೊಳಗೇ. ಓದುತ್ತಿರುವವರು ಮಾತ್ರ ಮಹಡಿ ಮನೆಯ ರಿಟೈರ್ಡ್ ಮೇಷ್ಟ್ರು. ವಾಕಿಂಗ್ ಮುಗಿಸಿ ಬರುವಾಗ ಎತ್ತಿಕೊಂಡು, “ಸುಮ್ನೆ ಒಂದ್ಸಲ ಕಣ್ಣಾಡಿಸಿ ಕೊಡ್ತೀನಮ್ಮಾ” ಎನ್ನುತ್ತಾರೆ. ಅವರ ಕಣ್ಣು ಆಡಿ ಮುಗಿಯುವಷ್ಟರಲ್ಲಿ ವಾರಭವಿಷ್ಯದ ವಾರವೇ ಮುಗಿದಿರುತ್ತದೆ. ನನ್ನ ರಾಶಿಗೆ ಧನಲಾಭ ಇತ್ತು ಅಂತ ಗೊತ್ತಾಗುವುದು ಕರೆಂಟ್ ಬಿಲ್ ಕಟ್ಟಿದ ಮೇಲೆ.

ಅದನ್ನಾದರೂ ಸಹಿಸಬಹುದು. ಪದಬಂಧದ ವಿಷಯ ಹಾಗಲ್ಲ. ಬೇರೆಯವರ ಪತ್ರಿಕೆಯಲ್ಲಿ ತುಂಬಲೇಬೇಕು ಅಂದರೆ ಪೆನ್ಸಿಲ್ ಇದೆ, ಅಲ್ವಾ? ಮೇಷ್ಟ್ರದು ನೀಲಿ ಬಾಲ್‌ಪೆನ್ನು. ಕರಿಹಲಗೆಯ ಮೇಲೆ ಬರೆದು ಪಳಗಿದ ಕೈ, ಒತ್ತಿ ಬರೆಯುತ್ತಾರೆ. ಹಿಂದಿನ ಪುಟದ ಕಥಾನಾಯಕಿಯ ಹಣೆಯಲ್ಲಿ ಅಕ್ಷರ ಉಬ್ಬಿಕೊಂಡಿರುತ್ತದೆ.

ಉತ್ತರ ಸರಿ ಇದ್ದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ‘ರಾವಣನ ತಮ್ಮ, 4 ಅಕ್ಷರ’ ಅಂತ ಇತ್ತು. ಮೇಷ್ಟ್ರು ಕುಂಭಕರ್ಣನನ್ನು ಮಲಗಿಸಿಬಿಟ್ಟರು. ಅಲ್ಲಿಂದ ಕೆಳಗೆ ‘ಮದುವೆ, 3 ಅಕ್ಷರ’. ವಿಭೀಷಣ ಬಂದಿದ್ದರೆ ಸಲೀಸಾಗಿ ವಿವಾಹ ಆಗುತ್ತಿತ್ತು. ಇವರು ‘ಕುಂಕುಮ’ ಅಂತ ಬರೆದರು. ಇದೇನು ಸಾರ್ ಅಂದರೆ, “ಕುಂಕುಮ ಇಲ್ಲದ ಮದುವೆ ಎಲ್ಲಾದ್ರೂ ನೋಡಿದ್ದೀಯೇನಮ್ಮಾ?” ಆ ಕುಂಕುಮದ ‘ಮ’ದಿಂದ ಅಡ್ಡಕ್ಕೆ ‘ಅರಿಶಿನದ ಬಣ್ಣ, 3 ಅಕ್ಷರ’. ಹಳದಿ ಬರಬೇಕಾದಲ್ಲಿ ‘ಮಸುಕು’! ಡಬ್ಬಿಯಲ್ಲಿ ಜಾಸ್ತಿ ದಿನ ಇಟ್ಟರೆ ಅರಿಶಿನ ಮಸುಕಾಗುತ್ತದಂತೆ. ಮುಂದಿನ ಸಂಚಿಕೆಯಲ್ಲಿ ಸರಿಯುತ್ತರ ಬಂತು. ತೋರಿಸಿದೆ. ಕನ್ನಡಕ ಏರಿಸಿ ನೋಡಿ, “ಈಗೀಗ ಪ್ರೂಫ್ ನೋಡೋರೇ ಸರಿಯಿಲ್ಲ” ಅಂದರು. ಎಷ್ಟು ಮಕ್ಕಳು ಇವರ ಕೈಯಲ್ಲಿ ಪಾಸಾದರೋ, ದೇವರೇ.

ವಾಪಸು ಕೊಡುವಾಗ ಇನ್ನೊಂದು ಉಪಕಾರ. “ಧಾರಾವಾಹೀಲಿ ಆ ಹುಡುಗಿ ಮನೆ ಬಿಟ್ಟು ಹೋದ್ಳಮ್ಮಾ. ನೀನೂ ಓದು, ಚೆನ್ನಾಗಿದೆ.” ಇನ್ನೇನು ಓದಲಿ?

ತವರಿನಲ್ಲೂ ಪತ್ರಿಕೆಗೆ ಜಗಳ ಇತ್ತು. ಆದರೆ ಅದಕ್ಕೊಂದು ಕ್ರಮವಿತ್ತು. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ ‘ಕಸ್ತೂರಿ’ ಬಂದರೆ ಮೊದಲು ಅಜ್ಜನಿಗೆ. ಅವರು ನೇರ ಕೊನೆಯ ಪುಸ್ತಕ ವಿಭಾಗಕ್ಕೇ ಹೋಗುತ್ತಿದ್ದರು. ಒಂದು ಇಡೀ ಪುಸ್ತಕ ಇಷ್ಟೇ ಪುಟದಲ್ಲಿ ಸಿಗುತ್ತದೆ ಎಂಬುದು ಅವರಿಗೆ ದೊಡ್ಡ ಲಾಭ. ನನಗೆ ಲೇಖನ ಮುಗಿದು ಜಾಗ ಉಳಿದ ಕಡೆ ತುಂಬಿರುತ್ತಿದ್ದ ನಗೆಹನಿ ಸಾಕಾಗಿತ್ತು. ‘ಸುಧಾ’, ‘ತರಂಗ’ಗಳ ಧಾರಾವಾಹಿ ಚಿಕ್ಕಮ್ಮನದು. ಎಲ್ಲರೂ ಓದಿದ ಮೇಲೆ ಆ ಪುಟಗಳನ್ನಷ್ಟೇ ಬಿಡಿಸಿ, ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿಡುತ್ತಿದ್ದಳು. ಒಂದು ಕಂತು ತಪ್ಪಿದ್ದರೆ ಅಲ್ಲಿ ಖಾಲಿ ಹಾಳೆ ಸೇರಿಸಿ, ಆ ವಾರ ಏನಾಗಿರಬಹುದು ಅಂತ ತಾನೇ ಬರೆದಿಟ್ಟಿದ್ದಳು. ಅಸಲಿ ಕಥೆಗಿಂತ ಅದೇ ನನಗೆ ನೆನಪಿದೆ. ಆ ಪುಸ್ತಕಗಳು ಮನೆ ಮಾರುವಾಗ ರದ್ದಿಗೆ ಹೋದವು.

ಈಗ ನಮ್ಮ ಮನೆಯಲ್ಲಿ ಪತ್ರಿಕೆ ನನಗೆ ಮೊದಲು ಅಂತ ಕಿತ್ತಾಡುವವರೇ ಇಲ್ಲ. ಮಗನ ಕೈಗೆ ಕೊಟ್ಟರೆ ಸೊಳ್ಳೆ ಹೊಡೆಯುತ್ತಾನೆ. ಇಡೀ ಕಟ್ಟಡದಲ್ಲಿ ಅದಕ್ಕಾಗಿ ಕಾಯುವ ಇನ್ನೊಂದು ಜೀವ ಅಂದರೆ ಮೇಷ್ಟ್ರೇ. ಹಾಗಂತ ಬಾಲ್‌ಪೆನ್ನನ್ನು ಕ್ಷಮಿಸುವುದಕ್ಕಾಗುತ್ತದೆಯೇ? ಹೋದ ವಾರ ರಬ್ಬರ್ ಇರುವ ಪೆನ್ಸಿಲ್ಲೇ ತಂದುಕೊಟ್ಟೆ. ಬಹಳ ಸಂತೋಷಪಟ್ಟು ಮೊಮ್ಮಗಳಿಗೆ ಕೊಟ್ಟರು.

ನಿನ್ನೆ ಮೆಟ್ಟಿಲಲ್ಲಿ ಸಿಕ್ಕರು. ಪತ್ರಿಕೆ ಕೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, “ವಾರಪತ್ರಿಕೆ ಬೇಗ ಮುಗಿದುಹೋಗತ್ತಮ್ಮಾ. ‘ಮಯೂರ’ನೂ ಹಾಕಿಸ್ಕೊ. ಕಥೆಗಳು ಇರ್ತವೆ, ತಿಂಗಳಿಡೀ ಓದಬಹುದು” ಅಂದರು.

ಯಾರು ಓದಬಹುದು ಅಂತ ಹೇಳಲಿಲ್ಲ.