ನಿಂತು ನೋಡಲಾಗದ ನೀರು

ಹನಿ ನೀರಾವರಿಯ ದೊಡ್ಡ ದೋಷವೆಂದರೆ ಅದನ್ನು ನಿಂತು ನೋಡುವುದರಲ್ಲಿ ಯಾವ ಸುಖವೂ ಇಲ್ಲ. ಗಂಟೆಗೆ 2 ಅಥವಾ 4 ಲೀಟರಿನ ಲೆಕ್ಕದಲ್ಲಿ ಗಿಡದ ಬುಡಕ್ಕೆ ತೊಟ್ಟಿಕ್ಕುವ ಡ್ರಿಪ್ಪರ್ ಎಷ್ಟೇ ನೀರು ಉಳಿಸಲಿ, ಹೋಸ್ ಪೈಪಿನ ಬಾಯಿಗೆ ಹೆಬ್ಬೆರಳನ್ನು ಒತ್ತಿ ಸಂಜೆಯಿಡೀ ನೀರು ಚಿಮ್ಮಿಸಿ ರೂಢಿಯಾದವರ ಕಣ್ಣಿಗೆ ಅದು ಶುದ್ಧ ಜಿಪುಣತನವಾಗಿಯೇ ಕಾಣುತ್ತದೆ. ನಮ್ಮ ಮನೆಯಲ್ಲಿ ಆ ಕಣ್ಣು ಮಾವನವರದು.

ಗಾಳಿ ಕಡಿಮೆ, ಆವಿಯಾಗುವುದು ಕಡಿಮೆ, ನೆನೆದ ಎಲೆಗಳು ಬಿಸಿಲೇರುತ್ತಲೇ ಒಣಗುವುದರಿಂದ ಶಿಲೀಂಧ್ರದ ಕಾಟವೂ ಕಡಿಮೆ ಎಂಬ ಕಾರಣಕ್ಕೆ ಟೈಮರನ್ನು ಬೆಳಗಿನ ಐದಕ್ಕೆ ಇಡಲಾಯಿತು. ಮಾವನವರು ಇದನ್ನು ಕೇಳಿ, “ಮಲಗಿದವರ ಬಾಯಿಗೆ ನೀರು ಹುಯ್ಯುವುದು ಯಾವ ಶಾಸ್ತ್ರವಮ್ಮ?” ಎಂದರು.

ಹುಲ್ಲುಹಾಸಿನ ಸ್ಪ್ರಿಂಕ್ಲರುಗಳದು ಬೇರೆಯೇ ಕಥೆ. ನೀರಿನ ಒತ್ತಡ 1 ಬಾರ್ ಇರಬೇಕಾದರೆ ಟ್ಯಾಂಕು ಸುಮಾರು 10 ಮೀಟರ್ ಎತ್ತರದಲ್ಲಿರಬೇಕು. ನೆಲದಿಂದ ಮೇಲೆದ್ದು ಚಿಮ್ಮುವ ಸ್ಪ್ರಿಂಕ್ಲರಿಗೆ ಹೆಚ್ಚುಕಡಿಮೆ 2 ಬಾರ್ ಬೇಕು. ಕೆಲಸದವರು ಮಾತ್ರ ಅದನ್ನು ಒಂದೇ ಅಂತಸ್ತಿನ ತಾರಸಿಯ ಟ್ಯಾಂಕಿಗೆ ಜೋಡಿಸಿ ಹೋಗಿದ್ದರು. ಉದ್ಘಾಟನೆಗೆಂದು ಮನೆಮಂದಿಯೆಲ್ಲ ಸೇರಿದಾಗ ಅವು ಅರ್ಧ ಎದ್ದು, ಒಂದಿಷ್ಟು ಜೊಲ್ಲು ಸುರಿಸಿ, ಮತ್ತೆ ನೆಲದೊಳಗೆ ಇಳಿದುಬಿಟ್ಟವು. ಪಂಪು ಬಂದ ಮೇಲೆ ಒತ್ತಡ ಅತಿಯಾಗಿ ನೀರು ಮಂಜಿನಂತೆ ಒಡೆದು ಗಾಳಿಯ ಪಾಲಾಯಿತು. ತಿರುಗುವ ಕೋನವನ್ನು ಯಾರೂ ಸರಿಪಡಿಸದಿದ್ದುದರಿಂದ ಕಾಂಪೌಂಡು ಗೋಡೆಗೂ ಅದರಾಚೆಯ ರಸ್ತೆಗೂ ಸಮೃದ್ಧ ನೀರಾವರಿ ಒದಗಿತು. ಬೆಳಗಿನ ನಡಿಗೆಗೆ ಬರುವವರು ನಮ್ಮ ಗೇಟಿನ ಬಳಿ ಕ್ಷಣಕಾಲ ನಿಂತು, ಸ್ಪ್ರಿಂಕ್ಲರ್ ಆ ಕಡೆ ತಿರುಗಿದ ಕೂಡಲೇ ಓಡುವುದನ್ನು ಕಲಿತರು. ಅವರ ಆರೋಗ್ಯಕ್ಕೆ ಅದರಿಂದ ಒಳಿತೇ ಆಗಿರಬೇಕು.

ಕೋನವನ್ನೂ ಒತ್ತಡವನ್ನೂ ಹದಕ್ಕೆ ತಂದ ಮೇಲೆ ಡಬ್ಬಿಗಳ ಪರೀಕ್ಷೆ ನಡೆಯಿತು. ಒಂದೇ ಅಳತೆಯ ಖಾಲಿ ಡಬ್ಬಿಗಳನ್ನು ಹುಲ್ಲಿನ ಮೇಲೆ ಅಲ್ಲಲ್ಲಿ ಇಟ್ಟು, ಕಾಲು ಗಂಟೆ ನೀರು ಬಿಟ್ಟು, ಯಾವುದರಲ್ಲಿ ಎಷ್ಟು ಮಿಲಿಮೀಟರ್ ನಿಂತಿದೆಯೆಂದು ಸ್ಕೇಲಿನಿಂದ ಅಳೆಯುವ ಈ ಕೆಲಸಕ್ಕೆ ಮಾವನವರು ಅತ್ಯುತ್ಸಾಹದಿಂದ ಮುಂದಾದರು. ಗೋಡೆ ಪಕ್ಕದ ಡಬ್ಬಿ ತುಂಬುತ್ತ ಬಂದಿತ್ತು. ಮೂಲೆಯ ಡಬ್ಬಿಯಲ್ಲಿ ಒಂದು ಇರುವೆ ಮಾತ್ರ ಇತ್ತು. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಎಂದರೆ 1 ಲೀಟರ್. ವಾರಕ್ಕೆ 25 ಮಿಲಿಮೀಟರಿನಂತೆ 40 ಚದರ ಮೀಟರ್ ಹುಲ್ಲಿಗೆ 1,000 ಲೀಟರ್ ಎಂಬ ಲೆಕ್ಕ ಹೊರಬಿದ್ದಾಗ ಅವರು ಬೆಚ್ಚಿದರು. “ಹೂವಿಲ್ಲ, ಕಾಯಿಲ್ಲ, ಇದಕ್ಕೆ ಸಾವಿರ ಲೀಟರೇ?” ಅಲ್ಲಿಂದ ಮುಂದೆ ಹುಲ್ಲಿನ ವಿಷಯದಲ್ಲಿ ಅವರಷ್ಟು ಬಿಗಿಮುಷ್ಟಿಯವರು ಬೇರೆ ಇಲ್ಲ. ಜಿಗಟು ಮಣ್ಣು ಒಮ್ಮೆಗೇ ನೀರು ಕುಡಿಯದೆ ಹರಿಯಬಿಡುತ್ತದೆಂದು ನಡುನಡುವೆ ಬಿಡುವು ಕೊಟ್ಟು ನೀರುಣಿಸುವ ಕ್ರಮವನ್ನೂ ಅವರೇ ಮೆಚ್ಚಿ ಜಾರಿಗೆ ತಂದರು. ಬಿಡುವು ಕೊಂಚ ಹೆಚ್ಚೇ ಇರಲಿ ಎಂಬುದು ಅವರ ಆಸೆಯಾಗಿತ್ತು.

ಗಿಡಗಳ ವಿಷಯದಲ್ಲಿ ಮಾತ್ರ ಅವರ ಕರುಣೆಗೆ ಮಿತಿಯಿಲ್ಲ. ಡ್ರಿಪ್ಪರಿನ ನೀರು ಮಣ್ಣಿನೊಳಗೆ ಗಡ್ಡೆಯಾಕಾರದಲ್ಲಿ ಹರಡುವುದರಿಂದ ಮೇಲ್ಮಣ್ಣು ಬಹುಪಾಲು ಒಣಗಿದಂತೆಯೇ ಕಾಣುತ್ತದೆ. ಬೆರಳನ್ನು ಆಳಕ್ಕೆ ಇಳಿಸಿ ಒದ್ದೆಯನ್ನು ತೋರಿಸಿದರೂ ಅವರಿಗೆ ಸಮಾಧಾನವಿಲ್ಲ. ಸಂಜೆ ಹೋಸ್ ಪೈಪು ಹಿಡಿದು ಸಿಕ್ಕಿಬಿದ್ದಾಗಲೆಲ್ಲ, “ಸುಮ್ಮನೆ ಒಂದು ಸಲ ನೀರು ತೋರಿಸಿದೆ ಅಷ್ಟೆ” ಎನ್ನುತ್ತಾರೆ. ಬೇರಿಗೆ ಗಾಳಿಯಾಡದೆ ಎಲೆ ಹಳದಿಯಾದರೆ, ಅದು ಬಾಯಾರಿಕೆಯ ಲಕ್ಷಣವೆಂದು ಇನ್ನೊಂದು ಸಲ ತೋರಿಸುತ್ತಾರೆ.

ಸೋರುವ ನೀರಿನ ಬಳಿಯಿದ್ದ ಮರವೊಂದು ಅಕ್ಕಪಕ್ಕದವುಗಳಿಗಿಂತ ಹುಲುಸಾಗಿ ಬೆಳೆದುದನ್ನು ಕಂಡು ಸಿಮ್ಖಾ ಬ್ಲಾಸ್ ಎಂಬ ಎಂಜಿನಿಯರಿಗೆ ಹನಿ ನೀರಾವರಿಯ ಯೋಚನೆ ಹೊಳೆಯಿತೆಂಬ ಕಥೆಯಿದೆ. 1965ರಲ್ಲಿ ಇಸ್ರೇಲಿನ ಹಟ್ಸೆರಿಂನಲ್ಲಿ ಅದರ ತಯಾರಿಕೆಗೆಂದು ಕಂಪನಿಯೂ ಹುಟ್ಟಿತು. ನಮ್ಮಲ್ಲೂ ಅಂಥದೇ ಒಂದು ದರ್ಶನವಾಯಿತು. ಯಾರೋ ಗುಲಾಬಿಯ ಕುಂಡವನ್ನು ಬಿಸಿಲಿಗೆ ಸರಿಸಿದ್ದರು, ಡ್ರಿಪ್ಪರನ್ನು ಸರಿಸಿರಲಿಲ್ಲ. ಬರಿನೆಲದ ಬಿರುಕಿನಲ್ಲಿ ಎದ್ದ ಹೆಸರಿಲ್ಲದ ಕಳೆಯೊಂದು ಸೊಂಟದೆತ್ತರ ಬೆಳೆದು ಇಡೀ ತೋಟವನ್ನು ನಾಚಿಸುತ್ತಿತ್ತು. ಹನಿ ನೀರಾವರಿಯ ಪರವಾಗಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿರಲಿಲ್ಲ. ಮಾವನವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ನಾನು ಇದಕ್ಕೂ ದಿನಾ ಒಂದು ಸಲ ತೋರಿಸುತ್ತಿದ್ದೆನಲ್ಲ” ಎಂದರು.

ಕೊನೆಗೆ ಫಿಲ್ಟರಿನ ಉಸ್ತುವಾರಿಯನ್ನು ಅವರಿಗೇ ವಹಿಸಿದೆವು. ಮರಳೂ ಪಾಚಿಯೂ ಸೇರಿ ಡ್ರಿಪ್ಪರಿನ ಕಿರುದಾರಿಯನ್ನು ಮುಚ್ಚದಿರಲು ಅದರ ಜಾಲರಿಯನ್ನು ಆಗಾಗ ತೊಳೆಯಬೇಕು. ಅವರು ಪ್ರತಿ ಸಂಜೆಯೂ ತೊಳೆಯುತ್ತಾರೆ. ತೊಳೆಯಲು ಹೋಸ್ ಪೈಪೇ ಬೇಕು, ನೀರು ರಭಸವಾಗಿಯೇ ಬರಬೇಕು, ತೊಳೆದ ನೀರು ವ್ಯರ್ಥವಾಗಬಾರದೆಂದು ಅದನ್ನು ಗುಲಾಬಿಯ ಬುಡದಲ್ಲೇ ಕುಳಿತು ತೊಳೆಯಬೇಕು.