ಹಾಲ್ಯಾ ಅಲ್ಲ, ಗಾಲ್ಯಾ

ರಷ್ಯಾದ ಕುರ್ಸ್ಕ್ ಪಟ್ಟಣಕ್ಕೆ ಮೆಡಿಕಲ್ ಓದಲು ಹೋದ ಹೊಸತು. ಹಾಸ್ಟೆಲ್ ಬಾಗಿಲಲ್ಲಿ ಒಬ್ಬರು ವಯಸ್ಸಾದ ಹೆಂಗಸು ಕೂತಿರುತ್ತಿದ್ದರು. ಪಾಸ್ ನೋಡಿ ಒಳಗೆ ಬಿಡುವುದು, ತಡವಾಗಿ ಬಂದರೆ ಬೈಯುವುದು ಅವರ ಕೆಲಸ. ಹೆಸರು ಕೇಳಿದೆ. 'ತ್ಯೋತ್ಯಾ ಹಾಲ್ಯಾ' ಅಂದರು. ತ್ಯೋತ್ಯಾ ಅಂದರೆ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು. ಎರಡು ವಾರ ನಾನು ಹಾಲ್ಯಾ ಅಂತಲೇ ಕರೆದೆ, ಅವರೂ ಓಗೊಟ್ಟರು. ಆಮೇಲೊಂದು ದಿನ ಮೇಜಿನ ಮೇಲಿದ್ದ ಡ್ಯೂಟಿ ಪಟ್ಟಿಯನ್ನು ಅಕ್ಷರ ಕೂಡಿಸಿ ಓದಿದೆ. ಗಲೀನಾ. ಮುದ್ದಿಗೆ ಗಾಲ್ಯಾ. 'ಹಾ' ಎಲ್ಲಿಂದ ಬಂತು?

ಅದು ನಿಜವಾಗಿ 'ಹಾ' ಕೂಡ ಅಲ್ಲ. 'ಗ' ಅನ್ನಲು ಹೊರಟು 'ಹ' ಕಡೆಗೆ ಜಾರಿದ ಸದ್ದು, ಗಂಟಲಲ್ಲಿ ಗಾಳಿ ಉಜ್ಜಿಕೊಂಡು ಬರುತ್ತದೆ. ಅದನ್ನು ಬರೆಯಲು ನಮ್ಮಲ್ಲಿ ಅಕ್ಷರವಿಲ್ಲ. ಕುರ್ಸ್ಕ್, ವೊರೊನೆಝ್, ಬೆಲ್ಗೊರೊದ್, ಆ ಇಡೀ ದಕ್ಷಿಣದಲ್ಲಿ 'ಗ' ಹೀಗೇ. ಕ್ಲಾಸಿನಲ್ಲಿ ನಮಗೆ ರಷ್ಯನ್ ಕಲಿಸುತ್ತಿದ್ದ ಮೇಡಂ ಮಾತ್ರ ಖಡಾಖಂಡಿತ: 'ಆ ಸದ್ದು ಕಲಿಯಬೇಡಿ, ಅದು ಹಳ್ಳಿಯದು.' ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವಾಗ ಅವರ ಬಾಯಲ್ಲೂ ಅದೇ ಸದ್ದು ಬರುತ್ತಿತ್ತು ಅನ್ನುವುದು ಬೇರೆ ಮಾತು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತ ಹಿರಿಯರು ನಾನು ರಷ್ಯಾದಲ್ಲಿ ಓದಿದವನು ಅಂತ ತಿಳಿದು ಒಂದು ಮಾತು ಹೇಳಿದರು. 'ನೋಡಿ, ಅಷ್ಟು ದೊಡ್ಡ ದೇಶ, ಭಾಷೆ ಮಾತ್ರ ಎಲ್ಲ ಕಡೆ ಒಂದೇ ಥರ. ನಮ್ಮಲ್ಲಿ ಜಿಲ್ಲೆ ದಾಟಿದರೆ ಮಾತು ಬದಲು.' ಹೋಳಿಗೆ ಬಡಿಸುತ್ತಿದ್ದರು, ನಾನು ಸುಮ್ನೆ ತಲೆಯಾಡಿಸಿದೆ. ಅವರ ಮಾತು ಅರ್ಧ ನಿಜ. ಆ ಅರ್ಧ ಯಾಕೆ ನಿಜ ಅನ್ನುವುದೇ ನನಗೆ ದೊಡ್ಡ ಕುತೂಹಲ.

ಮಾಸ್ಕೋದಲ್ಲಿ ರೈಲು ಹತ್ತಿ 9,288 ಕಿಲೋಮೀಟರ್ ದೂರದ ವ್ಲಾದಿವೊಸ್ತೋಕ್‌ನಲ್ಲಿ ಇಳಿಯಿರಿ. ನಗರದ ಜನ ಹೆಚ್ಚುಕಡಿಮೆ ಅದೇ ರಷ್ಯನ್ ಮಾತಾಡುತ್ತಾರೆ. ಅದೇ ಮಾಸ್ಕೋದಿಂದ ಒಂದು ರಾತ್ರಿಯ ರೈಲಿನಷ್ಟು ಉತ್ತರಕ್ಕೆ ವೊಲೊಗ್ದಾ ಕಡೆಯ ಹಳ್ಳಿಗೆ ಹೋಗಿ, ಆಮೇಲೆ ದಕ್ಷಿಣಕ್ಕೆ ರ್ಯಾಜಾನ್ ಕಡೆಯ ಹಳ್ಳಿಗೆ ಹೋಗಿ. ಎರಡೂ ಕಡೆಯ ಅಜ್ಜಿಯರನ್ನು ಕೂರಿಸಿ 'ಹಾಲು' ಅನ್ನಿಸಿ. ಬರೆಯುವುದು ಇಬ್ಬರಿಗೂ 'ಮೊಲೊಕೊ'. ಉತ್ತರದವಳು ಬರೆದ ಹಾಗೇ 'ಮೊಲೊಕೊ' ಅನ್ನುತ್ತಾಳೆ. ದಕ್ಷಿಣದವಳ ಬಾಯಲ್ಲಿ ಒತ್ತು ಬೀಳದ 'ಒ' ಎಲ್ಲ 'ಅ' ಆಗಿ 'ಮಲಕೋ' ಆಗುತ್ತದೆ. ಕ್ರಿಯಾಪದದ ಕೊನೆಯ 'ತ್' ಉತ್ತರದಲ್ಲಿ ಗಟ್ಟಿ, ದಕ್ಷಿಣದಲ್ಲಿ ಮೆತ್ತಗೆ. 'ಗ' ವಿಷಯ ಆಗಲೇ ಹೇಳಿದೆ.

ಅಂದರೆ ದೂರ ಜಾಸ್ತಿ ಆದಷ್ಟೂ ಮಾತು ಬದಲಾಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಾತು ಬೇರೆಯಾಗಲು ಜನ ಒಂದೇ ಕಡೆ ತಲೆತಲಾಂತರ ಕೂತಿರಬೇಕು. ರಷ್ಯನ್ನರು ಹಾಗೆ ಕೂತಿದ್ದು ಮಾಸ್ಕೋ ಸುತ್ತಮುತ್ತಲಿನ ಆ ಹಳೆಯ ನೆಲದಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಅವರು ವಲಸೆ ಹೋದವರು, ಗುಂಪು ಗುಂಪಾಗಿ, ಬೆರೆತುಕೊಂಡು. ಸೋವಿಯತ್ ಕಾಲದಲ್ಲಿ ವಿದ್ವಾಂಸರು 4,000ಕ್ಕೂ ಹೆಚ್ಚು ಹಳ್ಳಿ ಸುತ್ತಿ ರಷ್ಯನ್ ಆಡುನುಡಿಗಳ ದೊಡ್ಡ ನಕಾಶೆ ಮಾಡಿದರು. ಅದರಲ್ಲಿ ಸೈಬೀರಿಯಾವೇ ಇಲ್ಲ! ಮರೆತು ಬಿಟ್ಟಿದ್ದಲ್ಲ. ತಡವಾಗಿ ನೆಲೆಸಿದ ಜಾಗದಲ್ಲಿ ಹಾಗೆ ಗೆರೆ ಎಳೆಯಲು ಆಗುವುದಿಲ್ಲ, ಈ ಹಳ್ಳಿ ಉತ್ತರದವರದ್ದು, ಪಕ್ಕದ್ದು ಉಕ್ರೇನಿನವರದ್ದು.

ಹಾಗಾದರೆ ಮಾಸ್ಕೋದ ಮಾತು 'ಶುದ್ಧ'ವಾ? ಅದು ಎಲ್ಲಕ್ಕಿಂತ ದೊಡ್ಡ ಕಲಸುಮೇಲೋಗರ. ಗಟ್ಟಿ 'ಗ' ಉತ್ತರದಿಂದ ಬಂತು, 'ಮಲಕೋ' ಅನ್ನುವ ಚಟ ದಕ್ಷಿಣದಿಂದ ಬಂತು. ಎರಡೂ ಕಡೆಯ ಜನ ಬಂದು ಸೇರಿದ ಊರು ಅದು, ಅಲ್ಲಿ ದೊರೆ ಇದ್ದ, ಆ ಬೆರಕೆಗೆ ಕಿರೀಟ ಸಿಕ್ಕಿತು. ಹಾಗೆ ನೋಡಿದರೆ ನಮ್ಮ ಮೇಡಂ 'ಹಳ್ಳಿಯದು' ಅಂತ ಬೈದ ದಕ್ಷಿಣದವರ ಅರ್ಧ ಉಚ್ಚಾರಣೆಯನ್ನೇ ಅವರು ಕ್ಲಾಸಿನಲ್ಲಿ ನಮಗೆ ಕಲಿಸುತ್ತಿದ್ದರು. ರಷ್ಯಾದ ದೊಡ್ಡ ವಿಜ್ಞಾನಿ, ಕವಿ ಲೊಮೊನೊಸೊವ್ ಕತೆ ಇನ್ನೂ ಮಜಾ. ಬಿಳಿ ಸಮುದ್ರದ ಹತ್ತಿರದ ಮೀನುಗಾರರ ಮನೆಯಲ್ಲಿ 1711ರಲ್ಲಿ ಹುಟ್ಟಿದವನು, ಅಪ್ಪಟ 'ಮೊಲೊಕೊ' ಸೀಮೆ. ಓದಲಿಕ್ಕೆ ಮಾಸ್ಕೋಗೆ ಹೋದ. ಮುಂದೆ ರಷ್ಯನ್ ವ್ಯಾಕರಣ ಬರೆದಾಗ, ಒತ್ತಿಲ್ಲದ 'ಒ'ವನ್ನು 'ಅ' ಅನ್ನುವ ಮಾಸ್ಕೋದ ಮಾತೇ ಕಿವಿಗೆ ಇಂಪು ಅಂತ ತೀರ್ಪು ಕೊಟ್ಟ. ಊರು ಬಿಟ್ಟು ದೊಡ್ಡ ಪಟ್ಟಣ ಸೇರಿದ ಬುದ್ಧಿವಂತ ಹುಡುಗರು ಮಾಡುವುದನ್ನೇ ಅವನೂ ಮಾಡಿದ. ನನಗೆ ಸಿಟ್ಟು ಬರುವುದಿಲ್ಲ, ಸ್ವಲ್ಪ ನಗು ಬರುತ್ತದೆ.

ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಗೋರ್ಬಚೇವ್ ಮಾತ್ರ ಕ್ರೆಮ್ಲಿನ್ ತಲುಪಿದ ಮೇಲೂ ತಮ್ಮ ಮಾತು ಬದಲಿಸಲಿಲ್ಲ. ಅವರ ಊರು ಸ್ತಾವ್ರೊಪೋಲ್ ಸೀಮೆಯ ಪ್ರಿವೊಲ್ನೋಯೆ. ಅಪ್ಪನ ಕಡೆಯವರು ವೊರೊನೆಝ್‌ನಿಂದ ಬಂದವರು, ಅಮ್ಮನ ಕಡೆಯವರು ಉಕ್ರೇನಿನ ಚೆರ್ನಿಹಿವ್ ಕಡೆಯವರು. ಎರಡೂ ಕಡೆ 'ಗ' ಜಾರುವ ಜನವೇ. ಹೀಗಾಗಿ ಇಡೀ ಜಗತ್ತು ಕೇಳಿದ ಭಾಷಣಗಳಲ್ಲೂ ತ್ಯೋತ್ಯಾ ಗಾಲ್ಯಾಳ 'ಗ' ಇತ್ತು. ಅದಕ್ಕಿಂತ ಜಾಸ್ತಿ ನಗೆಗೆ ಸಿಕ್ಕಿದ್ದು ಅವರು 'ಶುರು ಮಾಡು' ಅನ್ನುವ ಪದದ ಒತ್ತು. 'ನಚಾತ್' ಅನ್ನುವ ಕಡೆ ಅವರು 'ನಾಚತ್' ಅನ್ನುತ್ತಿದ್ದರು. ದೇಶವನ್ನೇ ತಲೆಕೆಳಗು ಮಾಡಿದ ಮನುಷ್ಯನ ಬಗ್ಗೆ ಮಾಸ್ಕೋದ ಓದಿದ ಜನಕ್ಕೆ ಅದೂ ಒಂದು ದೂರು.

ಹಳೆಯ ನೆಲದಲ್ಲೂ ಮಾತನ್ನು ಕಿತ್ತು ಬೇರೆ ಕಡೆ ನೆಟ್ಟಿದ್ದುಂಟು. ಉತ್ತರದ ಹಳೆ ಪಟ್ಟಣ ನೊವ್ಗೊರೊದ್‌ನಲ್ಲಿ 1951ರ ಜುಲೈ 26ರಂದು ನೆಲ ಅಗೆಯುವಾಗ ಬರ್ಚ್ ಮರದ ತೊಗಟೆಯ ಮೇಲೆ ಗೀಚಿ ಬರೆದ, ನೂರಾರು ವರ್ಷ ಹಳೆಯ ಒಂದು ಚೀಟಿ ಸಿಕ್ಕಿತು. ಆಮೇಲೆ ಅಂಥವು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಸಾಲದ ಲೆಕ್ಕ, ಗಂಡ ಹೆಂಡತಿಗೆ ಬರೆದದ್ದು, ಪಾಠ ಕಲಿಯುತ್ತಿದ್ದ ಹುಡುಗ ಬಿಡಿಸಿದ ಚಿತ್ರ. ಅಂದ್ರೇಯ್ ಜಲಿಜ್ನ್ಯಾಕ್ ಅನ್ನುವ ವಿದ್ವಾಂಸರು ಅವನ್ನು ಓದಿ, ಇದು ಕೆಟ್ಟ ಬರವಣಿಗೆ ಅಲ್ಲ, ಬೇರೆಯದೇ ಒಂದು ನುಡಿ ಅಂತ ತೋರಿಸಿದರು. ಬೇರೆ ಸ್ಲಾವ್ ಜನ 'ಇಡೀ' ಅನ್ನುವ ಪದವನ್ನು 'ತ್ಸೆಲ್' ಅಂತ ಶುರು ಮಾಡುವಾಗ ನೊವ್ಗೊರೊದ್‌ನವರು 'ಕೆಲ್' ಅನ್ನುತ್ತಿದ್ದರು. ನಮಗೆ ಇದು ಥಟ್ಟನೆ ಅರ್ಥವಾಗಬೇಕು. ನಾವು ಕಿವಿ ಅನ್ನುತ್ತೇವೆ, ತಮಿಳರು ಸೆವಿ ಅನ್ನುತ್ತಾರೆ. ನಮ್ಮಲ್ಲಿ 'ಕ' ಉಳಿಯಿತು, ಅವರಲ್ಲಿ ಹೋಯಿತು. ಅದೇ ಕತೆ, ಬೇರೆ ಖಂಡ.

1478ರಲ್ಲಿ ಮಾಸ್ಕೋದ ಮೂರನೇ ಇವಾನ್ ನೊವ್ಗೊರೊದನ್ನು ನುಂಗಿದ. ಅಲ್ಲಿನ ಜಮೀನುದಾರರನ್ನು ಗುಂಪುಗುಂಪಾಗಿ ಎಬ್ಬಿಸಿ ಮಾಸ್ಕೋ ಕಡೆಗೆ ಸಾಗಿಸಿ, ಅವರ ಜಾಗಕ್ಕೆ ತನ್ನವರನ್ನು ತಂದು ಕೂರಿಸಿದ. ಆ ಹಳೆಯ ನುಡಿ ಸವೆಯುತ್ತಾ ಹೋಯಿತು. ತೊಗಟೆ ಚೀಟಿ ಸಿಗದೇ ಇದ್ದಿದ್ದರೆ ಅದು ಎಷ್ಟು ಬೇರೆಯಾಗಿತ್ತು ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಸೈಬೀರಿಯಾಕ್ಕೆ ಮೊದಲು ಹೋದವರು ಉತ್ತರದವರು. ತುಪ್ಪಳದ ಆಸೆಗೆ, ನದಿಯಿಂದ ನದಿಗೆ ದೋಣಿಯಲ್ಲಿ. 1587ಕ್ಕೆ ತೊಬೋಲ್ಸ್ಕ್ ಕಟ್ಟಿದರು, 1632ಕ್ಕೆ ಯಾಕುತ್ಸ್ಕ್ ತಲುಪಿದ್ದರು. ಹೀಗಾಗಿ ಹಳೆ ಸೈಬೀರಿಯನ್ನರ ಮಾತಿಗೆ ಉತ್ತರದ ತಳಪಾಯ. ಆಮೇಲೆ ರೈಲು ಬಂತು, ದಕ್ಷಿಣದಿಂದ, ಉಕ್ರೇನ್‌ನಿಂದ, ಬೆಲಾರುಸ್‌ನಿಂದ ಲಕ್ಷಾಂತರ ರೈತರು ಬಂದರು. ಮೊದಲೇ ಇದ್ದವರು ಇವರನ್ನು 'ರಸ್ಸೇಯ್‌ಸ್ಕಿಯೆ' ಅನ್ನುತ್ತಿದ್ದರು. ಅಂದರೆ 'ರಷ್ಯಾದಿಂದ ಬಂದವರು'. ರಷ್ಯನ್ನರೇ ರಷ್ಯನ್ನರಿಗೆ ಹಾಗನ್ನುವುದು! 1883ರಿಂದ ಸರ್ಕಾರವೇ ಒದೆಸ್ಸಾದಿಂದ ವ್ಲಾದಿವೊಸ್ತೋಕ್‌ಗೆ ಹಡಗಿನಲ್ಲಿ ರೈತರನ್ನು ಸಾಗಿಸಿತು. ಸುಯೆಜ್ ದಾಟಿ, ನಮ್ಮ ಹಿಂದೂ ಮಹಾಸಾಗರ ದಾಟಿ. ತಮ್ಮದೇ ದೇಶದ ಇನ್ನೊಂದು ತುದಿಗೆ ಹೋಗಲು ಉಕ್ರೇನಿನ ಹಳ್ಳಿಯವರು ನಮ್ಮ ಕೆಳಗಿನಿಂದ ಸುತ್ತಿಕೊಂಡು ಹೋದರು ಅನ್ನುವುದನ್ನು ನೆನೆದಾಗೆಲ್ಲ ನನಗೆ ಅಚ್ಚರಿ. ಇಷ್ಟೆಲ್ಲ ಬಗೆಯ ಜನ ಒಂದೇ ಬೀದಿಯಲ್ಲಿ ಇದ್ದರೆ ಮೂಲೆಗಳೆಲ್ಲ ಸವೆದು ಮಾತು ನುಣ್ಣಗಾಗುತ್ತದೆ. ಮಿಕ್ಕಿದ್ದನ್ನು ಸೋವಿಯತ್ ಶಾಲೆ, ರೇಡಿಯೋ ಉಜ್ಜಿ ಮುಗಿಸಿದವು. ಮದುವೆಯ ಹಿರಿಯರ ಅರ್ಧ ನಿಜ ಇದೇ.

ಬೆರೆಯಲು ಒಪ್ಪದವರೂ ಇದ್ದರು. ಬೈಕಲ್ ಸರೋವರದ ಆಚೆ ಸೆಮೇಯ್‌ಸ್ಕಿಯೆ ಅನ್ನುವ ಜನ ಇದ್ದಾರೆ. 17ನೇ ಶತಮಾನದಲ್ಲಿ ಚರ್ಚಿನ ಪೂಜೆಯ ರೀತಿ ಬದಲಾದಾಗ ಒಪ್ಪದ ಹಳೆ ನಂಬಿಕೆಯವರು. ಓಡಿ ಹೋಗಿ ಈಗಿನ ಬೆಲಾರುಸ್‌ನ ವೆತ್ಕಾದಲ್ಲಿ ನೆಲೆಸಿದ್ದರು. 1764ರಲ್ಲಿ ಕ್ಯಾಥರೀನ್ ರಾಣಿಯ ಸೈನ್ಯ ಬಂದು ಅವರನ್ನು ಎಬ್ಬಿಸಿತು. ಮನೆಮಂದಿ ಸಮೇತ ಬೈಕಲ್ ಆಚೆಗೆ ಸಾಗಿಸಿದರು. 'ಸೆಮ್ಯಾ' ಅಂದರೆ ಕುಟುಂಬ, ಹೆಸರು ಅದರಿಂದಲೇ ಬಂದಿದ್ದು. ಸುತ್ತ ಮಂಗೋಲ್ ಮೂಲದ ಬುರ್ಯಾತರು, ಪಕ್ಕದಲ್ಲಿ ಉತ್ತರದ ಮಾತಿನ ಹಳೆ ಸೈಬೀರಿಯನ್ನರು, ನಡುವೆ ಇವರ ದಕ್ಷಿಣದ 'ಅ'ಕಾರ. ಹೊರಗೆ ಮದುವೆ ಮಾಡಿಕೊಳ್ಳದೆ, ಹಾಡು ಬಿಡದೆ, ಇನ್ನೂರೈವತ್ತು ವರ್ಷ ಉಳಿಸಿಕೊಂಡರು. ಅವರ ಮೇಲಿನ ಅನ್ಯಾಯ ಇಲ್ಲದಿದ್ದರೆ ಆ ಮಾತು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಕಲ್ಲು ಮನಸ್ಸಿನ ಧರ್ಮ ಇಲ್ಲದಿದ್ದರೆ ಉಳಿಯುತ್ತಲೂ ಇರಲಿಲ್ಲ. ನುಡಿ ಉಳಿಯಿತು ಅಂತ ಖುಷಿಪಡುವಾಗ ಇದು ನನಗೆ ಸ್ವಲ್ಪ ಇರಿಸುಮುರಿಸು.

ಅಲಾಸ್ಕದ ನಿನಿಲ್ಚಿಕ್ ಇದಕ್ಕೆ ತದ್ವಿರುದ್ಧ. ರಷ್ಯನ್ ಕಂಪನಿಯ ನಿವೃತ್ತ ಕೆಲಸಗಾರರು 1847ರ ಹೊತ್ತಿಗೆ ಅಲ್ಲಿನ ಹೆಂಡತಿ ಮಕ್ಕಳ ಜೊತೆ ನೆಲೆಸಿದ ಹಳ್ಳಿ. ಇಪ್ಪತ್ತೇ ವರ್ಷಕ್ಕೆ, 1867ರಲ್ಲಿ, ರಷ್ಯಾ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಮಾರಿಬಿಟ್ಟಿತು. ಕೆಳಗಿನ ನೆಲ ಬೇರೆಯವರದ್ದಾಯಿತು, ಮನೆಯೊಳಗಿನ ಮಾತು ರಷ್ಯನ್ನೇ. ಆ ರಷ್ಯನ್‌ನಲ್ಲಿ ನಪುಂಸಕ ಲಿಂಗ ಮಾಯವಾಯಿತು, ಸ್ತ್ರೀಲಿಂಗವೂ ಹೆಚ್ಚುಕಡಿಮೆ ಕರಗಿತು. ಕುರ್ಚಿ ಗಂಡು, ಪುಸ್ತಕ ಹೆಣ್ಣು, ಕಿಟಕಿ ಎರಡೂ ಅಲ್ಲ ಅಂತ ಬಾಯಿಪಾಠ ಮಾಡಿ ಸುಸ್ತಾದ ನನ್ನಂಥವನಿಗೆ ಅದು ಸ್ವರ್ಗ. ಈಗ ಅದನ್ನು ಬಲ್ಲವರು ಬೆರಳೆಣಿಕೆಯ ವಯಸ್ಸಾದವರು.

ನಮ್ಮ ಬೀದರಿಗೂ ಒಬ್ಬ ಬಂದಿದ್ದ, ಗೊತ್ತಲ್ವಾ? ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್, ಬಹಮನಿ ಸುಲ್ತಾನರ ಕಾಲದಲ್ಲಿ. ಅವನ ಟಿಪ್ಪಣಿ ರಷ್ಯನ್‌ನಲ್ಲಿ ಶುರುವಾಗುತ್ತದೆ. ಆದರೆ ನಡುನಡುವೆ ರಷ್ಯನ್ ಅಕ್ಷರದಲ್ಲೇ ತುರ್ಕಿ, ಫಾರ್ಸಿ, ಅರಬ್ಬಿ ನುಗ್ಗುತ್ತವೆ. ಕೊನೆಯ ಪ್ರಾರ್ಥನೆ ಪೂರ್ತಿ ಆ ಬೆರಕೆಯಲ್ಲೇ ಇದೆ. ವಾಪಸ್ ಹೋಗುವಾಗ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ, ಊರು ಸೇರಲಿಲ್ಲ. ಆ ಬಾಯಿ ತ್ವೇರ್‌ಗೆ ಮರಳಿದ್ದರೆ ಅಲ್ಲಿನವರು ಏನಂತಿದ್ದರೋ.

ನನಗೆ ಏನಂದರು ಅಂತ ಹೇಳುತ್ತೇನೆ. ನಾಲ್ಕನೇ ವರ್ಷದ ರಜೆಯಲ್ಲಿ ಪೀಟರ್ಸ್‌ಬರ್ಗ್‌ಗೆ ಹೋಗಿದ್ದೆ. ಹಸಿವು. ಬಸ್ ಸ್ಟಾಪಿನಲ್ಲಿದ್ದ ಒಬ್ಬ ಅಜ್ಜಿಯನ್ನು 'ಇಲ್ಲಿ ಶೌರ್ಮಾ ಎಲ್ಲಿ ಸಿಗುತ್ತೆ' ಅಂತ ಕೇಳಿದೆ. ರಷ್ಯನ್‌ನಲ್ಲಿ 'ಎಲ್ಲಿ' ಅಂದರೆ 'ಗ್ದ್ಯೆ'. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೊದಲು, ಅದು ಶೌರ್ಮಾ ಅಲ್ಲ, ಇಲ್ಲಿ ಶವೆರ್ಮಾ ಅನ್ನುತ್ತಾರೆ ಅಂತ ತಿದ್ದಿದರು. ಆಮೇಲೆ ಕೇಳಿದರು: 'ನಿಮಗೆ ರಷ್ಯನ್ ಕಲಿಸಿದವರು ಯಾರು, ದಕ್ಷಿಣದವರಾ?'

ನನ್ನ 'ಗ' ಜಾರಿತ್ತು. ಮೇಡಂ ನಾಲ್ಕು ವರ್ಷ ಪಟ್ಟ ಕಷ್ಟ ಎಲ್ಲ ನೀರಿಗೆ.

'ತ್ಯೋತ್ಯಾ ಹಾಲ್ಯಾ' ಅಂದೆ.