ಬೀದಿಯ ಹೆಲ್ಪ್‌ಡೆಸ್ಕ್ ನಾನೇ

ಕೆಲಸ ಹುಡುಕುವವರು ದಿನವಿಡೀ ಮೊಬೈಲ್ ನೋಡಿಕೊಂಡು ಕೂರುತ್ತಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ನಾನೂ ನೋಡುತ್ತೇನೆ. ಆದರೆ ಅರ್ಧ ಹೊತ್ತು ಅದು ಬೇರೆಯವರ ಮೊಬೈಲ್!

ಡಿಗ್ರಿ ಮುಗಿಸಿದ ಹುಡುಗ ಮನೆಯಲ್ಲೇ ಇದ್ದಾನೆ ಅಂತ ಗೊತ್ತಾದರೆ ಸಾಕು, "ಸ್ವಲ್ಪ ಇದನ್ನ ನೋಡಪ್ಪ" ಅಂತ ಬಂದೇಬಿಡುತ್ತಾರೆ. ಗೃಹಲಕ್ಷ್ಮಿಯ 2000 ರೂಪಾಯಿ ಬಂದಿಲ್ಲ ಅನ್ನುವವರೇ ಜಾಸ್ತಿ. ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ನಾನೇನೂ ಮಾಡಲು ಆಗುವುದಿಲ್ಲ, ಬ್ಯಾಂಕಿಗೇ ಹೋಗಬೇಕು.

ನವೆಂಬರ್ ಬಂದರೆ ಪಿಂಚಣಿದಾರರ ಸರದಿ. ಬದುಕಿದ್ದೇವೆ ಅಂತ ವರ್ಷವರ್ಷವೂ ತೋರಿಸಬೇಕಲ್ಲ. ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಈಗ ಫೋನಿನ ಕ್ಯಾಮೆರಾಗೆ ಮುಖ ತೋರಿಸಿದರೂ ಆಗುತ್ತದೆ. ಆದರೆ ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡುವ ಜೀವನ್ ಪ್ರಮಾಣ್ ಆ್ಯಪ್ ಒಂದೇ ಸಾಲದು, ಜೊತೆಗೆ ಆಧಾರ್ ಫೇಸ್ ಆರ್‌ಡಿ ಅನ್ನುವ ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕು. ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಕಣ್ಣು ಮಿಟುಕಿಸಿ ಸಾರ್ ಅಂದರೆ ಫೋಟೋಗೆ ಕೂತ ಹಾಗೆ ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತಿದ್ದರು! ಕಿಟಕಿ ಹತ್ತಿರ ಬೆಳಕಿಗೆ ಕೂರಿಸಿದ ಮೇಲೆ ಆಯಿತು. ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟು "ಕೆಲಸ ಆಯ್ತಾ?" ಅಂದರು. ಯಾವ ಕೆಲಸ ಅಂತ ನಾನು ಕೇಳಲಿಲ್ಲ.

ಇನ್ನೊಂದು ವಿಷಯ ನಿಮ್ಮ ಲೇಖನದಲ್ಲಿ ಇರಬೇಕಿತ್ತು. ಕೆಲಸ ಕೊಡಿಸುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವ ಮೆಸೇಜ್‌ಗಳು ನಮ್ಮಂಥವರಿಗೇ ಹುಡುಕಿಕೊಂಡು ಬರುತ್ತವೆ. ಕಟ್ಟಬೇಡಿ. ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಸುಮ್ನೆ ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.